ಗ್ರಾಂಪ್ರೇಗೆ ಎರಡು ಸಲ ಹೋದೆವು, ನೋಡಿದ್ದು ಎರಡನೇ ಸಲ

ಇದು ಎರಡು ಪ್ರವಾಸಗಳ ವಿಮರ್ಶೆ. ಮೊದಲನೆಯದು ತಲೆಗೆ 120 ಡಾಲರ್ ಕೊಟ್ಟು ಟೂರಿಸ್ಟ್ ವ್ಯಾನಿನಲ್ಲಿ ಹೋದದ್ದು. ಎರಡನೆಯದು ಮೂರು ವಾರ ಬಿಟ್ಟು ನಮ್ಮದೇ ಕಾರಿನಲ್ಲಿ ಹೋದದ್ದು. ಜಾಗ ಒಂದೇ, ಕೆನಡಾದ ನೋವಾ ಸ್ಕೋಶಿಯ ಪ್ರಾಂತ್ಯದ ಗ್ರಾಂಪ್ರೇ. ನಡುವೆ ಒಂದು ಹಳೇ ಕಥನಕಾವ್ಯವನ್ನೂ ಓದಿದೆ. ಅದನ್ನು ಬಿಟ್ಟು ಈ ಊರಿನ ಬಗ್ಗೆ ಮಾತಾಡೋಕೆ ಆಗುವುದಿಲ್ಲ, ಹಾಗಾಗಿ ಅದೂ ಬರುತ್ತದೆ.

ನಾನು ಹ್ಯಾಲಿಫ್ಯಾಕ್ಸ್‌ನಲ್ಲಿ ಆರು ವರ್ಷದಿಂದ ಇದ್ದೇನೆ. ಊರು ಕುಮಟಾ ಕಡೆ, ಅಘನಾಶಿನಿ ಹೊಳೆ ಸಮುದ್ರ ಸೇರುವ ಹತ್ತಿರ. ಹೋದ ಬೇಸಿಗೆಯಲ್ಲಿ ಆಯಿ, ಅಂದರೆ ಅಮ್ಮ, ಬಂದಿದ್ದಳು. ಮೊದಲ ಎರಡು ವಾರ ಅವಳಿಗೆ ನಾನು ತೋರಿಸಿದ್ದೆಲ್ಲ ಒಂದೇ ತರ ಕಂಡಿತ್ತು. ಲೈಟ್‌ಹೌಸ್, ಬಂಡೆ, ಮತ್ತೊಂದು ಲೈಟ್‌ಹೌಸ್. "ಚಂದ ಇದೆ, ಆದ್ರೆ ಬಂಡೆ ನಮ್ಮಲ್ಲೂ ಇದ್ಯಲ್ಲೇ" ಅಂದಳು. ಆಗ ಕಣ್ಣಿಗೆ ಬಿದ್ದದ್ದು ಈ ವ್ಯಾನಿನ ಜಾಹೀರಾತು: ಇವಾಂಜೆಲಿನ್‌ಳ ನಾಡಿಗೆ ಒಂದು ದಿನದ ಪ್ರವಾಸ, ಜೊತೆಗೆ ದ್ರಾಕ್ಷಿ ತೋಟ, ಊಟ ಸೇರಿ. ಕಂಪನಿಯ ಹೆಸರು ಬೇಡ. ಸಣ್ಣ ವ್ಯಾಪಾರ, ಡ್ರೈವರ್ರೇ ಗೈಡು, ಮನುಷ್ಯ ಒಳ್ಳೆಯವನೇ.

ಗೊಣಗಾಟ ಮೊದಲು ಮುಗಿಸುತ್ತೇನೆ. ಹ್ಯಾಲಿಫ್ಯಾಕ್ಸ್‌ನಿಂದ ಗ್ರಾಂಪ್ರೇಗೆ ನೆಟ್ಟಗೆ ಹೋದರೆ ಒಂದು ಗಂಟೆಯ ದಾರಿ. ನಾವು ತಲುಪಿದ್ದು ಎರಡೂವರೆ ಗಂಟೆಗೆ. ಎರಡು ವೈನ್ ತೋಟಗಳಲ್ಲಿ ನಿಲ್ಲಿಸಿದರು. ಆಯಿ ವೈನ್ ಮುಟ್ಟುವವಳಲ್ಲ, ಅವಳಿಗೆ ಒಂದು ಲೋಟ ನೀರು ಕೊಟ್ಟು ಕುರ್ಚಿ ತೋರಿಸಿದರು. ಆಮೇಲೆ ಗ್ರಾಂಪ್ರೇನಲ್ಲಿ ನಮಗೆ ಸಿಕ್ಕಿದ್ದು ಐವತ್ತು ನಿಮಿಷ. ಅದರಲ್ಲಿ ಶೌಚಾಲಯಕ್ಕೆ ಹತ್ತು, ಇವಾಂಜೆಲಿನ್ ಪ್ರತಿಮೆಯ ಮುಂದೆ ಫೋಟೋಕ್ಕೆ ಹದಿನೈದು. ಒಳಗಿನ ಫಿಲ್ಮ್ ನೋಡಲು "ಟೈಮಿಲ್ಲ" ಅಂದರು. ಊಟ ಅಂದರೆ ಒಂದು ತಣ್ಣನೆ ಸ್ಯಾಂಡ್‌ವಿಚ್. ಸಸ್ಯಾಹಾರ ಅಂತ ಮೊದಲೇ ಬರೆದಿದ್ದೆ, ಬಂದದ್ದರಲ್ಲಿ ಟ್ಯೂನಾ ಇತ್ತು.

ಆದರೆ ನನಗೆ ಜಾಸ್ತಿ ಬೇಜಾರಾದದ್ದು ಸ್ಯಾಂಡ್‌ವಿಚ್ಚಿಗಲ್ಲ. ಗೈಡು ದಾರಿಯುದ್ದಕ್ಕೂ ಇವಾಂಜೆಲಿನ್ ಕಥೆಯನ್ನು ನಡೆದದ್ದು ಅನ್ನುವ ಹಾಗೆ ಹೇಳುತ್ತಾ ಬಂದ. ಹದಿನೇಳು ವರ್ಷದ ಹುಡುಗಿ, ರೈತನ ಮಗಳು. ಕಮ್ಮಾರನ ಮಗ ಗೇಬ್ರಿಯಲ್ ಜೊತೆ ಮದುವೆ ಗೊತ್ತಾಗಿದೆ. ಅಷ್ಟರಲ್ಲಿ ಬ್ರಿಟಿಷ್ ಸೈನಿಕರು ಬಂದು ಊರಿಗೆ ಊರನ್ನೇ ಹಡಗು ಹತ್ತಿಸುತ್ತಾರೆ. ಇವಳು ಒಂದು ಹಡಗು, ಅವನು ಇನ್ನೊಂದು. ಆಮೇಲೆ ಇಡೀ ಬದುಕು ಅವನನ್ನು ಹುಡುಕುತ್ತಾ ಅಮೆರಿಕವೆಲ್ಲ ಅಲೆಯುತ್ತಾಳೆ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ, ಆಯಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಲ್ಲಿ ಒಂದು ಹಳೇ ಬಾವಿ ಇದೆ. "ಅವಳು ಇಲ್ಲೇ ನೀರು ಸೇದುತ್ತಿದ್ದಳಾ?" ಅಂತ ಕೇಳಿದಳು. ಗೈಡು ನಕ್ಕು ತಲೆಯಾಡಿಸಿದ. ಹೌದು ಅಂತಲೋ, ಸುಮ್ನೆಯೋ, ನನಗೆ ಗೊತ್ತಾಗಲಿಲ್ಲ.

ಮನೆಗೆ ಬಂದು ರಾತ್ರಿ ಓದಿದ ಮೇಲೆ ಗೊತ್ತಾಯಿತು. ಇವಾಂಜೆಲಿನ್ ಅನ್ನುವ ಹುಡುಗಿ ಯಾರೂ ಇರಲೇ ಇಲ್ಲ. ಅವಳನ್ನು ಹುಟ್ಟಿಸಿದವನು ಅಮೆರಿಕದ ಕವಿ ಲಾಂಗ್‌ಫೆಲೋ, 1847ರಲ್ಲಿ, "ಇವಾಂಜೆಲಿನ್" ಅನ್ನುವ ಕಥನಕಾವ್ಯದಲ್ಲಿ. ಊರು ಖಾಲಿಯಾದದ್ದು 1755ರಲ್ಲಿ, ಅಂದರೆ ಸುಮಾರು ತೊಂಬತ್ತು ವರ್ಷ ಮೊದಲು. ಕಥೆಯ ಎಳೆ ಅವನಿಗೆ ಸಿಕ್ಕಿದ್ದು ಒಂದು ಊಟದ ಮೇಜಿನಲ್ಲಿ, ಪಾದ್ರಿಯೊಬ್ಬನ ಬಾಯಿಂದ. ಆ ಪಾದ್ರಿ ಅದನ್ನು ಕಾದಂಬರಿಕಾರ ಹಾಥಾರ್ನ್‌ಗೆ ಕೊಡಲು ನೋಡಿದ್ದನಂತೆ, ಹಾಥಾರ್ನ್ ಮನಸ್ಸು ಮಾಡಲಿಲ್ಲ, ಲಾಂಗ್‌ಫೆಲೋ ತೆಗೆದುಕೊಂಡ. ಕವಿ ಈ ಊರಿಗೆ ಒಮ್ಮೆಯೂ ಬಂದವನಲ್ಲ.

ಆಯಿಗೆ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹಾಗಾದ್ರೆ ಬಾವಿ ಯಾರದ್ದು?" ಅಂದಳು.

ಅದಕ್ಕೇ ಎರಡನೇ ಸಲ ಹೋದದ್ದು.

ಹೋಗುವ ಮೊದಲು ಕಾವ್ಯ ಓದಿದೆ. ಲೈಬ್ರರಿಯಲ್ಲಿ ಚಿತ್ರಗಳಿರುವ ಒಂದು ಸಣ್ಣ ಪ್ರತಿ ಸಿಕ್ಕಿತು, ಬೆನ್ನು ಹರಿದಿತ್ತು. ಮೊದಲ ಇಪ್ಪತ್ತು ಪುಟ ನನಗೆ ಒಳಗೆ ಹೋಗೋಕೆ ಆಗಲಿಲ್ಲ. ಸಾಲು ಉದ್ದುದ್ದ, ಗಟ್ಟಿಯಾಗಿ ಓದಿದರೆ ಉಸಿರು ಸಾಲುವುದಿಲ್ಲ. ಅಡುಗೆ ಮನೆಯಲ್ಲಿ ನಿಂತು ತಾಳ ಹಾಕಿಕೊಂಡು ಓದಿದ ಮೇಲೆ ಹಿಡಿತಕ್ಕೆ ಬಂತು. ಎರಡನೇ ಭಾಗದಲ್ಲಿ ಒಂದು ಕಡೆ ನಿಜಕ್ಕೂ ಹೊಟ್ಟೆ ಕಿವುಚಿತು. ದಕ್ಷಿಣದ ಲೂಸಿಯಾನದ ಜೌಗು ಹೊಳೆಯಲ್ಲಿ ಇವಳ ದೋಣಿ ದಂಡೆಯ ಗಿಡಗಳ ಮರೆಯಲ್ಲಿ ನಿಂತಿದೆ, ಎಲ್ಲರೂ ನಿದ್ದೆಯಲ್ಲಿದ್ದಾರೆ. ಎದುರಿನಿಂದ ಗೇಬ್ರಿಯಲ್‌ನ ದೋಣಿ ಬಂದು ದ್ವೀಪದ ಆಚೆ ಬದಿಯಿಂದ ಹಾದುಹೋಗುತ್ತದೆ. ಇವರಿಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ಅವಳು ಫಿಲಡೆಲ್ಫಿಯಾದಲ್ಲಿ ರೋಗಿಗಳ ಸೇವೆ ಮಾಡುವ ಸನ್ಯಾಸಿನಿಯಾಗಿ, ಸಾಂಕ್ರಾಮಿಕ ರೋಗ ಬಂದ ಕಾಲದಲ್ಲಿ ಅವನನ್ನು ಕಾಣುತ್ತಾಳೆ. ಮುದುಕ, ಸಾಯುತ್ತಿದ್ದಾನೆ. ಅತಿ ಅನಿಸುತ್ತದೆ, ಆದರೂ ಕಣ್ಣು ಒದ್ದೆಯಾಗುತ್ತದೆ. ಅದಕ್ಕೆ ನಾನು ಕವಿಗೆ ಮಾರ್ಕು ಕಡಿಮೆ ಮಾಡುವುದಿಲ್ಲ.

ನನ್ನ ತಕರಾರು ಬೇರೆ. ಕಾವ್ಯದಲ್ಲಿ ಗಂಡಸರನ್ನು ಚರ್ಚಿನೊಳಗೆ ಕೂಡಿಹಾಕುತ್ತಾರೆ, ಐದನೇ ದಿನಕ್ಕೆ ಎಲ್ಲರನ್ನೂ ಸಮುದ್ರದ ದಂಡೆಗೆ ನಡೆಸುತ್ತಾರೆ, ಆ ರಾತ್ರಿ ಊರು ಹೊತ್ತಿ ಉರಿಯುತ್ತದೆ. ಐದು ದಿನ. ನಡೆದದ್ದು ಹಾಗಲ್ಲ. 1755ರ ಸೆಪ್ಟೆಂಬರ್ 5ರಂದು ಮಧ್ಯಾಹ್ನ ಮೂರು ಗಂಟೆಗೆ ಗ್ರಾಂಪ್ರೇ ಚರ್ಚಿಗೆ ಬರಬೇಕು ಅಂತ ಕರ್ನಲ್ ಜಾನ್ ವಿನ್ಸ್‌ಲೋ ಸುತ್ತಲ ಊರಿನ ಗಂಡಸರಿಗೆಲ್ಲ ಹುಕುಂ ಕಳಿಸಿದ. ಹತ್ತು ವರ್ಷ ದಾಟಿದ ಹುಡುಗರೂ ಬರಬೇಕು. ಬಂದವರು 418 ಜನ. ಬಾಗಿಲು ಹಾಕಿ ಓದಿದ: ನಿಮ್ಮ ಜಮೀನು, ಮನೆ, ದನಕರು ಎಲ್ಲ ರಾಜನ ಪಾಲಾಯಿತು, ಕೈಯಲ್ಲಿನ ದುಡ್ಡು ಮತ್ತು ಹೊರುವಷ್ಟು ಸಾಮಾನು ನಿಮ್ಮದು, ನಿಮ್ಮನ್ನು ಇಲ್ಲಿಂದ ಸಾಗಿಸಲಾಗುವುದು. ಹಡಗುಗಳು ಸಾಕಷ್ಟು ಬಂದಿರಲಿಲ್ಲ. ಕುಟುಂಬಗಳನ್ನು ಹತ್ತಿಸಲು ಶುರು ಮಾಡಿದ್ದು ಅಕ್ಟೋಬರ್ 8ಕ್ಕೆ. ಕೊನೆಯ ತಂಡ ಹೊರಟದ್ದು ಡಿಸೆಂಬರಿನಲ್ಲಿ.

ಅಂದರೆ ಒಂದು ತಿಂಗಳ ಮೇಲೆ ಗಂಡಸರು ಕೈದಿಗಳು, ಹೆಂಗಸರು ಹೊರಗೆ. ಕೈದಿಗಳ ಊಟ ಅವರವರ ಮನೆಯಿಂದಲೇ ಬರಬೇಕು. ದಿನಕ್ಕೆ 20 ಜನರನ್ನು ಸರದಿಯಂತೆ ಮನೆಗೆ ಹೋಗಿಬರಲು ಬಿಡುತ್ತಿದ್ದರು, ಮಿಕ್ಕವರು ಅವರ ಬದಲಿಗೆ ಒತ್ತೆ. ಕೊಯ್ಲಿನ ಕಾಲ ಬೇರೆ. ಯೋಚನೆ ಮಾಡಿ: ಹದಿನೇಳರ ಹುಡುಗಿಯೊಬ್ಬಳು ಬೆಳಿಗ್ಗೆ ಎದ್ದು ಹಾಲು ಕರೆದು, ರೊಟ್ಟಿ ಸುಟ್ಟು, ಬುಟ್ಟಿ ಹೊತ್ತು ಬಂದೂಕಿನವನ ಮುಂದೆ ನಿಲ್ಲುತ್ತಾಳೆ. ಸಂಜೆ ಮತ್ತೆ. ನಾಳೆ ಮತ್ತೆ. ಇನ್ನು ಯಾರದ್ದೋ ಆಗಿರುವ ಹಸುವಿನ ಹಾಲು ಅದು. ಈ ಒಂದು ತಿಂಗಳು ಕಾವ್ಯದಲ್ಲಿ ಇಲ್ಲವೇ ಇಲ್ಲ. ಇವಾಂಜೆಲಿನ್ ಚರ್ಚಿನ ಕಿಟಕಿಯ ಹೊರಗೆ ನಿಂತು ಗೇಬ್ರಿಯಲ್ ಅಂತ ಕರೆಯುತ್ತಾಳೆ, ಮನೆಗೆ ಬರುತ್ತಾಳೆ. ಅವಳ ಉಗುರಿನಲ್ಲಿ ಮಣ್ಣಿಲ್ಲ. ಹೆಂಗಸು ಬರೆದಿದ್ದರೆ ಈ ಬುಟ್ಟಿ ಬಿಟ್ಟುಹೋಗುತ್ತಿರಲಿಲ್ಲ ಅಂತ ನನಗೆ ಬಲವಾಗಿ ಅನಿಸಿತು.

ಎರಡನೇ ಸಲ ಹೋದದ್ದು ಆಗಸ್ಟಿನ ಒಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ. ಈ ಜಾಗ ಕೆನಡಾದ ರಾಷ್ಟ್ರೀಯ ಚಾರಿತ್ರಿಕ ಸ್ಥಳ, ಪಾರ್ಕ್ಸ್ ಕೆನಡಾ ನೋಡಿಕೊಳ್ಳುತ್ತದೆ. ಬೇಸಿಗೆಯ ತಿಂಗಳುಗಳಲ್ಲಿ ಮಾತ್ರ ಪೂರ್ತಿ ತೆರೆದಿರುತ್ತದೆ, ಚಳಿಗಾಲಕ್ಕೆ ಬಂದ ನೆಂಟರನ್ನು ಕರೆದುಕೊಂಡು ಹೋಗಬೇಡಿ. ಒಳಗೆ ಹೋದ ತಕ್ಷಣ ಫಿಲ್ಮ್. ಮೊದಲ ಸಲ ನಮ್ಮಿಂದ ತಪ್ಪಿಸಿದ್ದು ಇದನ್ನೇ. ಥಿಯೇಟರನ್ನು ಹಡಗಿನ ಒಡಲಿನ ಹಾಗೆ ಮರದಲ್ಲಿ ಕಟ್ಟಿದ್ದಾರೆ. ಕತ್ತಲಾದ ಕೂಡಲೇ ಆಯಿ ನನ್ನ ಮೊಣಕೈ ಹಿಡಿದುಕೊಂಡಳು. ಭಾಷೆ ಅರ್ಥವಾಗದವರಿಗೂ ವಿಷಯ ಮುಟ್ಟುತ್ತದೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಅಕೇಡಿಯನ್ನರು ಅಂದರೆ 1600ರ ದಶಕದಿಂದ ಇಲ್ಲಿ ನೆಲೆಸಿದ ಫ್ರೆಂಚ್ ರೈತರು. ಗ್ರಾಂಪ್ರೇ ಅಂದರೆ ದೊಡ್ಡ ಹುಲ್ಲುಗಾವಲು. ಪೋರ್ಟ್ ರಾಯಲ್‌ನಿಂದ ಬಂದ ಕೆಲವು ಕುಟುಂಬಗಳು 1680ರ ದಶಕದ ಶುರುವಿನಲ್ಲಿ ಇಲ್ಲಿ ಊರು ಕಟ್ಟಿದವು. 1713ರಲ್ಲಿ ಯುರೋಪಿನಲ್ಲಿ ಎಲ್ಲೋ ಕುಳಿತು ಮಾಡಿಕೊಂಡ ಉಟ್ರೆಕ್ಟ್ ಒಪ್ಪಂದದಲ್ಲಿ ಈ ನೆಲ ಫ್ರಾನ್ಸಿನಿಂದ ಬ್ರಿಟನ್ನಿಗೆ ಹೋಯಿತು. ರೈತರು ಅಲ್ಲೇ ಉಳಿದರು. ನಾವು ರಾಜನಿಗೆ ನಿಷ್ಠೆಯಿಂದ ಇರುತ್ತೇವೆ, ಆದರೆ ಯಾರ ಪರವಾಗಿಯೂ ಬಂದೂಕು ಹಿಡಿಯುವುದಿಲ್ಲ ಅಂದರು. ನಲವತ್ತು ವರ್ಷ ಅದು ನಡೆಯಿತು. 1755ರಲ್ಲಿ ಯುದ್ಧದ ಬಿಸಿ ಏರಿದಾಗ ಲೆಫ್ಟಿನೆಂಟ್ ಗವರ್ನರ್ ಚಾರ್ಲ್ಸ್ ಲಾರೆನ್ಸ್ ಷರತ್ತಿಲ್ಲದ ಪ್ರಮಾಣ ಬೇಕೇ ಬೇಕು ಅಂದ. ಅವರು ಒಪ್ಪಲಿಲ್ಲ. ಜುಲೈ 28ರಂದು ಹ್ಯಾಲಿಫ್ಯಾಕ್ಸ್‌ನಲ್ಲಿ, ನಾನು ದಿನಾ ಬಸ್ಸು ಹತ್ತುವ ಇದೇ ಊರಿನಲ್ಲಿ, ಅವನ ಕೌನ್ಸಿಲ್ ಎಲ್ಲರನ್ನೂ ಸಾಗಿಸುವ ತೀರ್ಮಾನ ಮಾಡಿತು. ಗ್ರಾಂಪ್ರೇ ಮತ್ತು ಸುತ್ತಮುತ್ತಲಿಂದಲೇ ಸುಮಾರು 2200 ಜನ. ಅಟ್ಲಾಂಟಿಕ್ ಪ್ರಾಂತ್ಯಗಳಲ್ಲಿದ್ದ ಅಕೇಡಿಯನ್ನರಲ್ಲಿ 1763ರ ತನಕ ಗಡಿಪಾರಾದವರು ಹತ್ತು ಸಾವಿರಕ್ಕೂ ಜಾಸ್ತಿ. ಒಂದೊಂದು ತಂಡವನ್ನು ಒಂದೊಂದು ಬ್ರಿಟಿಷ್ ವಸಾಹತಿಗೆ ಹಂಚಿದರು. ವರ್ಜೀನಿಯಾದವರು ನಮಗೆ ಬೇಡ ಅಂತ ಹಡಗುಗಳನ್ನು ಇಂಗ್ಲೆಂಡಿಗೆ ಕಳಿಸಿದರು. ಅಕೇಡಿಯನ್ನರು ಇದನ್ನು ಕರೆಯುವುದು "ದೊಡ್ಡ ಕದಲಿಕೆ" ಅನ್ನುವ ಅರ್ಥದ ಫ್ರೆಂಚ್ ಮಾತಿನಲ್ಲಿ. ಎಷ್ಟು ತಗ್ಗಿಸಿ ಹೇಳಿದ ಮಾತು ನೋಡಿ.

ಫಿಲ್ಮ್ ಮುಗಿದು ಪ್ರದರ್ಶನದ ಕೋಣೆಗೆ ಬಂದೆವು. ಈ ಪ್ರವಾಸದ ನಿಜವಾದ ಬೆಲೆ ಇಲ್ಲಿದೆ. ಅಲ್ಲಿ ಅಬ್ವಾಟೋ ಅನ್ನುವ, ಸಮುದ್ರದ ಕಟ್ಟೆಯ ಬುಡದಲ್ಲಿ ಇಡುವ ಸಾಧನವನ್ನು ವಿವರಿಸಿದ್ದಾರೆ. ನಾನು ಫಲಕ ಓದುತ್ತಿದ್ದೆ, ಆಯಿ ಓದಲು ಬರದವಳು, ಸುಮ್ಮನೆ ನೋಡುತ್ತಿದ್ದಳು. ಅವಳು ನನಗಿಂತ ಮೊದಲು ತಿಳಿದುಕೊಂಡಳು.

"ತಂಗೀ, ಇದು ಗಜನಿ."

ಹೌದು, ನಮ್ಮ ಕಡೆ ಉಪ್ಪುನೀರಿಗೆ ಕಟ್ಟೆ ಕಟ್ಟಿ ಮಾಡುವ ಗದ್ದೆಯ ಹಾಗೆಯೇ. ಫಂಡಿ ಕೊಲ್ಲಿಯ ಈ ಭಾಗದಲ್ಲಿ ಭರತ ಇಳಿತದ ವ್ಯತ್ಯಾಸ ಲೋಕಪ್ರಸಿದ್ಧ, ಕೆಲವು ಕಡೆ 16 ಮೀಟರ್ ಮುಟ್ಟುತ್ತದೆ. ನಮ್ಮ ಹೊಳೆಬಾಯಲ್ಲಿ ಆಳುದ್ದ ಏರಿದರೆ ಜಾಸ್ತಿ. ಅಕೇಡಿಯನ್ನರು ಕಾಡು ಕಡಿದು ಗದ್ದೆ ಮಾಡಲು ಹೋಗಲಿಲ್ಲ, ಸಮುದ್ರ ಬಂದುಹೋಗುವ ಜೌಗಿಗೇ ಮಣ್ಣಿನ ಕಟ್ಟೆ ಕಟ್ಟಿದರು. ಉಪ್ಪುನೀರಿನಲ್ಲಿ ಬೆಳೆಯುವ ಹುಲ್ಲನ್ನು ಬೇರು, ಮಣ್ಣು ಸಮೇತ ಇಟ್ಟಿಗೆಯ ಹಾಗೆ ಕತ್ತರಿಸಿ ಒಂದರ ಮೇಲೊಂದು ಇಟ್ಟು ಕಟ್ಟೆ. ಅದರ ಬುಡದಲ್ಲಿ ಮರದ ದಿಮ್ಮಿ ಕೊರೆದ ಒಂದು ಕಾಲುವೆ. ಅದರೊಳಗೆ ಮೇಲಿನಿಂದ ನೇತುಬಿಟ್ಟ ಒಂದು ಹಲಗೆ. ಇಳಿತದಲ್ಲಿ ಗದ್ದೆಯ ಮಳೆನೀರು ಹಲಗೆಯನ್ನು ತಳ್ಳಿ ಹೊರಗೆ ಹೋಗುತ್ತದೆ. ಭರತ ಬಂದರೆ ಸಮುದ್ರದ ನೀರೇ ಹಲಗೆಯನ್ನು ಒತ್ತಿ ಬಾಯಿ ಮುಚ್ಚುತ್ತದೆ. ಮಳೆ, ಹಿಮ ಸೇರಿ ಎರಡು ಮೂರು ವರ್ಷದಲ್ಲಿ ಉಪ್ಪು ತೊಳೆದುಹೋಗುತ್ತದೆ. ಆಮೇಲೆ ಗೋಧಿ.

ಆಯಿ ಹುಟ್ಟಿ ಬೆಳೆದದ್ದು ಇಂಥದ್ದೇ ಕಟ್ಟೆಯ ಮೇಲೆ. ಅಘನಾಶಿನಿಯ ದಂಡೆಯ ಗಜನಿ ಗದ್ದೆಗಳಲ್ಲಿ ಕಗ್ಗ ಅನ್ನುವ ಭತ್ತ ಬೆಳೆಯುತ್ತಾರೆ, ಉಪ್ಪು ತಡೆಯುವ ತಳಿ, ನೀರು ಏರಿದರೆ ತಾನೂ ಎತ್ತರ ಬೆಳೆಯುತ್ತದೆ. ಮಳೆ ಉಪ್ಪು ತೊಳೆದ ಮೇಲೆ ಬಿತ್ತನೆ. ಕಟ್ಟೆಯಲ್ಲಿ ಹಲಗೆ ಬಾಗಿಲು, ಭರತ ಇಳಿತ ನೋಡಿ ಹಾಕಿ ತೆಗೆಯಲು ಊರವರೇ. ಕೊಯ್ಲಾದ ಮೇಲೆ ಬಾಗಿಲು ತೆಗೆದು ಹೊಳೆಯ ನೀರು ಒಳಗೆ ಬಿಟ್ಟರೆ ಸಿಗಡಿ, ಮೀನು. ಎಲ್ಲಾದರೂ ಕಟ್ಟೆ ಒಡೆದರೆ ರಾತ್ರಿಯಾದರೂ ಮನೆಗೊಂದು ಆಳು ಬುಟ್ಟಿ ಹಿಡಿದು ಓಡಬೇಕು. ಆಯಿ ಹೇಳುವ ಕಥೆಗಳಲ್ಲಿ ಅರ್ಧ ಈ ಓಟದ ಕಥೆಗಳೇ.

ಅವಳು ಆ ಹಲಗೆಯನ್ನು ತೋರಿಸಿ, "ಇದನ್ನು ಯಾರೂ ಎತ್ತಿ ಇಳಿಸೋದು ಬೇಡ್ವಾ? ತಾನಾಗೇ ಮುಚ್ಚತದಾ?" ಅಂದಳು. ಹೌದು ಅಂದೆ. "ಬುದ್ಧಿವಂತರು" ಅಂದಳು. ಹತ್ತು ನಿಮಿಷ ಅಲ್ಲಿಂದ ಕದಲಲಿಲ್ಲ.

ಕಾವ್ಯದಲ್ಲಿ ಒಂದು ಕಡೆ, ಗೊತ್ತಾದ ಕಾಲಕ್ಕೆ ಈ ಬಾಗಿಲುಗಳನ್ನು ತೆರೆದು ಸಮುದ್ರವನ್ನು ಹುಲ್ಲುಗಾವಲಿಗೆ ಬಿಡುತ್ತಿದ್ದರು ಅಂತ ಬರುತ್ತದೆ. ಓದುವಾಗ ನನಗೆ ನಗು ಬಂದಿತ್ತು. ಹಲಗೆ ತೂಗುಹಾಕಿದ್ದೇ ಸಮುದ್ರವನ್ನು ಹೊರಗಿಡಲಿಕ್ಕೆ. ಬಾರದೇ ಬರೆದ ಕವಿಗೆ ಗ್ರಾಂಪ್ರೇಗಿಂತ ನಮ್ಮ ಗಜನಿಯೇ ಜಾಸ್ತಿ ಹೊಂದುತ್ತದಲ್ಲ ಅಂದುಕೊಂಡೆ.

ಅಲ್ಲಿದ್ದ ಗೈಡು ಹುಡುಗಿ ನೈಋತ್ಯದ ಕ್ಲೇರ್ ಕಡೆಯವಳು, ಅಕೇಡಿಯನ್. 1764ರ ನಂತರ ವಾಪಸ್ ಬರಲು ಬಿಟ್ಟಾಗ ಹಳೇ ಜಮೀನಿನಲ್ಲಿ ಆಗಲೇ ಬೇರೆಯವರು ಕೂತಿದ್ದರು. ಬಂದವರಿಗೆ ಕ್ಲೇರ್‌ನಂಥ ಕಲ್ಲುದಂಡೆ ಸಿಕ್ಕಿತು, ರೈತರು ಮೀನುಗಾರರಾದರು. ನಾನು ಆಯಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ: ನಮ್ಮೂರಲ್ಲೂ ಇದೇ ತರ ಗದ್ದೆ ಇದೆ. ಆ ಹುಡುಗಿಯ ಮುಖ ಅರಳಿತು. ಮುಂದಿನ ಮುಕ್ಕಾಲು ಗಂಟೆ ಅವರಿಬ್ಬರದೇ ಮಾತು, ನಾನು ನಡುವಿನ ತಂತಿ. ಕಟ್ಟೆಗೆ ಇಲಿ ತೂತು ಮಾಡಿದರೆ ಏನು ಮಾಡ್ತೀರಿ? ನಮ್ಮಲ್ಲಿ ಏಡಿ. ಇಲ್ಲಿ ಮಸ್ಕ್‌ರ‍್ಯಾಟ್. ಮುಚ್ಚೋದು ಹೇಗೆ? ಹುಲ್ಲುಹೆಂಟೆಯಲ್ಲೇ. 120 ಡಾಲರಿನ ವ್ಯಾನಿನಲ್ಲಿ ಇದು ಸಿಗುವುದಿಲ್ಲ.

ಬಾವಿಯ ಬಗ್ಗೆಯೂ ಆಯಿ ಕೇಳಿದಳು. ಇವಾಂಜೆಲಿನ್ ಕಥೆಯವಳು, ಆದರೆ ಊರು ಕಥೆಯಲ್ಲ, ಅಂದಳು ಆ ಹುಡುಗಿ. ಕಾವ್ಯದಲ್ಲಿ ಬರುವ ಮುದುಕ ನೋಟರಿ ರೆನೆ ಲೆಬ್ಲಾಂಕ್ ನಿಜವಾಗಿ ಇದ್ದವನು. ಅವನನ್ನೂ ಹೆಂಡತಿಯನ್ನೂ ಇಬ್ಬರು ಚಿಕ್ಕ ಮಕ್ಕಳನ್ನೂ ನ್ಯೂಯಾರ್ಕಿನಲ್ಲಿ ಇಳಿಸಿದರು, ಉಳಿದ ಮಕ್ಕಳು ಬೇರೆ ಕಡೆ. ಮೂವರನ್ನು ಫಿಲಡೆಲ್ಫಿಯಾದಲ್ಲಿ ಹುಡುಕಿಕೊಂಡು ಅಲ್ಲೇ ಸತ್ತ. ಇವಾಂಜೆಲಿನ್‌ಳ ಕಥೆಯ ಕೊನೆಯೂ ಫಿಲಡೆಲ್ಫಿಯಾವೇ, ಅಲ್ವಾ.

ಹೊರಗೆ ಬಂದರೆ ತೋಟ, ವಿಲೋ ಮರಗಳು, ಪ್ರತಿಮೆ, ಅದರ ಹಿಂದೆ ಚರ್ಚು. ಪ್ರತಿಮೆ 1920ರದ್ದು, ಶಿಲ್ಪಿ ಆಂರಿ ಎಬೆರ್, ಅಪ್ಪ ಶುರು ಮಾಡಿದ ಕಲ್ಪನೆಯನ್ನು ಮಗ ಮುಗಿಸಿದ್ದು. ಹುಡುಗಿ ತಿರುಗಿ ಹಿಂದಕ್ಕೆ ನೋಡುತ್ತಿದ್ದಾಳೆ. ಸುತ್ತು ಹಾಕುತ್ತಾ ನೋಡಿದರೆ ಒಂದು ಕಡೆಯಿಂದ ಎಳೆ ಮುಖ, ಇನ್ನೊಂದು ಕಡೆಯಿಂದ ವಯಸ್ಸಾದ ಮುಖ ಅಂತಾರೆ. ನಮಗೆ ಬೆಳಕು ನೆತ್ತಿಯ ಮೇಲಿತ್ತು, ಅಷ್ಟಾಗಿ ಕಾಣಲಿಲ್ಲ. ಸಂಜೆ ಹೋದವರು ನೋಡಿ ಹೇಳಿ. ಈ ತೋಟ, ಪ್ರತಿಮೆ ಎಲ್ಲ ಶುರುವಾದದ್ದು ಒಂದು ರೈಲ್ವೆ ಕಂಪನಿಯಿಂದ ಅನ್ನುವುದು ನನಗೆ ಹೊಸ ವಿಷಯ. ಡೊಮಿನಿಯನ್ ಅಟ್ಲಾಂಟಿಕ್ ರೈಲ್ವೆ "ಇವಾಂಜೆಲಿನ್‌ಳ ನಾಡು" ಅಂತ ಟಿಕೆಟ್ ಮಾರುತ್ತಿತ್ತು. ನಮ್ಮ ವ್ಯಾನಿನವನು ಹೊಸದೇನೂ ಮಾಡಿಲ್ಲ! ಆದರೆ ಅದಕ್ಕೂ ಮೊದಲು, 1907ರಲ್ಲಿ, ಈ ಜಾಗವನ್ನು ಕೊಂಡು ಉಳಿಸಿದವನು ಹತ್ತಿರದ ವುಲ್ಫ್‌ವಿಲ್‌ನ ಆಭರಣ ವ್ಯಾಪಾರಿ ಜಾನ್ ಫ್ರೆಡ್ರಿಕ್ ಹರ್ಬಿನ್. ಅವನ ತಾಯಿ ಅಕೇಡಿಯನ್.

ಚರ್ಚು 1922ರಲ್ಲಿ ಕಟ್ಟಿದ ಸ್ಮಾರಕ, ಹಳೆಯದಲ್ಲ. ಒಳಗೆ ಗಡಿಪಾರಾದ ಕುಟುಂಬಗಳ ಹೆಸರುಗಳನ್ನು ಗೋಡೆಯಲ್ಲಿ ಬರೆದಿದ್ದಾರೆ. ನಾವು ಹೋದಾಗ ಲೂಸಿಯಾನದಿಂದ ಬಂದ ಒಂದು ವಯಸ್ಸಾದ ಜೋಡಿ ತಮ್ಮ ಹೆಸರನ್ನು ಬೆರಳಿಟ್ಟು ಹುಡುಕುತ್ತಿದ್ದರು. ಅಲ್ಲಿಗೆ ಸೇರಿದ ಅಕೇಡಿಯನ್ನರ ಹೆಸರೇ ಸವೆದು ಕೇಜನ್ ಆದದ್ದು. ಕೇಜನ್ ಮಸಾಲೆ ಅಂತ ಅಂಗಡಿಯಲ್ಲಿ ಡಬ್ಬಿ ಸಿಗುತ್ತದಲ್ಲ, ಅದೇ ಕೇಜನ್. ನಾನು ಆಲೂಗಡ್ಡೆಗೆ ಹಾಕುತ್ತಿದ್ದೆ, ಇಷ್ಟು ದಿನ ಏನು ಎತ್ತ ಅಂತ ಯೋಚಿಸಿರಲಿಲ್ಲ.

ವಿನ್ಸ್‌ಲೋ ದಿನಚರಿ ಬರೆದಿಟ್ಟಿದ್ದಾನೆ. ಈ ಕೆಲಸ ತನ್ನ ಸ್ವಭಾವಕ್ಕೆ ಒಗ್ಗದ್ದು ಅಂತ ಹೇಳಿಕೊಂಡಿದ್ದಾನೆ, ಆದರೂ ಮಾಡಿದ. ಮೊದಲು ಹುಡುಗರನ್ನು ಹಡಗಿಗೆ ನಡೆಸಿದ ದಿನ ಅವರು ಪ್ರಾರ್ಥನೆ ಮಾಡುತ್ತಾ, ಹಾಡುತ್ತಾ, ಅಳುತ್ತಾ ಹೋದರು, ಒಂದೂವರೆ ಮೈಲಿಯುದ್ದಕ್ಕೂ ಹೆಂಗಸರು ಮಕ್ಕಳು ಎದುರಾದರು ಅಂತ ಬರೆದಿದ್ದಾನೆ. ಕಾವ್ಯದ ನೂರು ಸಾಲಿಗಿಂತ ಆ ಅಧಿಕಾರಿಯ ಒಂದು ಸಾಲು ನನಗೆ ಗಟ್ಟಿಯಾಗಿ ತಟ್ಟಿತು.

ಪುಸ್ತಕದ ಅಂಗಡಿ ಚೆನ್ನಾಗಿದೆ. ಅಳುವ ನಾಯಕಿ ಸಾಕು, ಬೇರೆ ಏನಾದರೂ ಇದೆಯಾ ಅಂತ ಗೈಡು ಹುಡುಗಿಯನ್ನು ಕೇಳಿದ್ದಕ್ಕೆ ಅವಳು ಆಂತೊನಿನ್ ಮಾಯೆ ಹೆಸರು ಹೇಳಿದಳು. ಅಕೇಡಿಯನ್ ಲೇಖಕಿ, 1979ರಲ್ಲಿ ಫ್ರಾನ್ಸಿನ ಗೊಂಕೂರ್ ಪ್ರಶಸ್ತಿ ಪಡೆದವರು. ಪ್ರಶಸ್ತಿ ಬಂದ ಆ ಕಾದಂಬರಿಯ ನಾಯಕಿ ಪೆಲಾಜಿ ಪ್ರಿಯಕರನನ್ನು ಹುಡುಕಿ ಅಲೆಯುವವಳಲ್ಲ. ಜಾರ್ಜಿಯಾದಲ್ಲಿ ಹದಿನೈದು ವರ್ಷ ದುಡಿದು, ಎತ್ತಿನ ಗಾಡಿ ಕಟ್ಟಿ, ಸಿಕ್ಕ ಸಿಕ್ಕ ತನ್ನವರನ್ನು ಹತ್ತಿಸಿಕೊಂಡು ಊರಿನ ಕಡೆ ಹೊರಡುತ್ತಾಳೆ. ಇಂಗ್ಲಿಷ್ ಅನುವಾದ ತರಿಸಿದ್ದೇನೆ, ಅರ್ಧಕ್ಕೆ ಬಂದಿದ್ದೇನೆ. ಅವಳ ಉಗುರಿನಲ್ಲಿ ಮಣ್ಣಿದೆ.

ಹೋಗುವವರಿಗೆ ಇಷ್ಟು. ಗಾಳಿ ಜೋರು, ಆಗಸ್ಟಿನಲ್ಲೂ ಸ್ವೆಟರ್ ಬೇಕು. ನಡೆಯುವ ದಾರಿ ಸಮತಟ್ಟು, ಆಯಿಯ ಮಂಡಿಗೆ ತೊಂದರೆಯಾಗಲಿಲ್ಲ. ಊಟ ಕಟ್ಟಿಕೊಂಡು ಹೋಗಿ, ನಾವು ಚಪಾತಿ, ಮಾವಿನ ಮಿಡಿ ಉಪ್ಪಿನಕಾಯಿ ಒಯ್ದಿದ್ದೆವು. ಕನಿಷ್ಠ ಮೂರು ಗಂಟೆ ಇಟ್ಟುಕೊಳ್ಳಿ. ಮುಗಿಸಿ ಹೊರಡುವಾಗ ಗುಡ್ಡದ ಮೇಲಿನ ವ್ಯೂ ಪಾಯಿಂಟಿಗೆ ಹೋಗದೆ ಬರಬೇಡಿ. ಯುನೆಸ್ಕೋ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಪ್ರತಿಮೆಯನ್ನು ಮಾತ್ರ ನೋಡಿ ಅಲ್ಲ, ಅಲ್ಲಿಂದ ಕಾಣುವ ಈ 1300 ಹೆಕ್ಟೇರಿಗೂ ಜಾಸ್ತಿ ಇರುವ ನೆಲವನ್ನು. ಈಗಲೂ ಅಲ್ಲಿ ಬೇಸಾಯ ನಡೆಯುತ್ತದೆ, ಈಗಲೂ ಕಟ್ಟೆಯೇ ಸಮುದ್ರವನ್ನು ತಡೆದಿದೆ. ಅಲ್ಲಿಂದ ಹಾರ್ಟನ್ ಲ್ಯಾಂಡಿಂಗ್‌ನಲ್ಲಿರುವ ಕಬ್ಬಿಣದ ಶಿಲುಬೆಗೂ ಹೋಗಬಹುದು, ಜನರನ್ನು ಹಡಗು ಹತ್ತಿಸಿದ ನೆನಪಿಗೆ ಇಟ್ಟದ್ದು.

ವ್ಯಾನಿಗೆ ಐದರಲ್ಲಿ ಎರಡು, ಅದೂ ಡ್ರೈವರ್ ಆಯಿಯ ಕೈಹಿಡಿದು ಇಳಿಸಿದ್ದಕ್ಕೆ. ಕಾವ್ಯಕ್ಕೆ ಮೂರು. ಗ್ರಾಂಪ್ರೇಗೆ ಐದು.

ವ್ಯೂ ಪಾಯಿಂಟಿನ ಬೆಂಚಿನಲ್ಲಿ ಕೂತು ಚಪಾತಿ ತಿನ್ನುವಾಗ ಆಯಿ ಒಂದು ಪ್ರಶ್ನೆ ಕೇಳಿದಳು. "ಇವರನ್ನೆಲ್ಲ ಓಡಿಸಿದ ಮೇಲೆ ಕಟ್ಟೆ ಯಾರು ನೋಡಿಕೊಂಡ್ರು?"

ಅದನ್ನು ಬೆಳಿಗ್ಗೆಯೇ ಕೇಳಿ ತಿಳಿದುಕೊಂಡಿದ್ದೆ. ಯಾರೂ ನೋಡಿಕೊಳ್ಳಲಿಲ್ಲ. 1759ರ ನವೆಂಬರಿನ ದೊಡ್ಡ ಬಿರುಗಾಳಿಯಲ್ಲಿ ಕಟ್ಟೆಗಳು ಒಡೆದು ಸಮುದ್ರ ಒಳಗೆ ಬಂತು. ಮರುವರ್ಷ ನ್ಯೂ ಇಂಗ್ಲೆಂಡಿನಿಂದ ಹೊಸ ರೈತರು ಬಂದರು, ಅವರಿಗೆ ಇಂಥ ಕಟ್ಟೆ ರಿಪೇರಿ ಗೊತ್ತಿರಲಿಲ್ಲ. ಆಗ ಹತ್ತಿರದ ಕೋಟೆಯಲ್ಲಿ ಕೈದಿಗಳಾಗಿದ್ದ ಅಕೇಡಿಯನ್ನರನ್ನು ಕೂಲಿಗೆ ಕರೆಸಿದರು.

"ತಮ್ಮದೇ ಗದ್ದೆಗೆ ಕೂಲಿಗಾ?"

"ಹೂಂ."

ಆಯಿ ಚಪಾತಿಯನ್ನು ಡಬ್ಬಿಗೆ ವಾಪಸ್ ಹಾಕಿ ಮುಚ್ಚಳ ಒತ್ತಿದಳು. "ಸರಿ ಮಾಡಿಕೊಟ್ರಾ?"

ಮಾಡಿಕೊಟ್ಟರು ಅಂದೆ. ಕೆಳಗೆ ಗದ್ದೆಯಲ್ಲಿ ಯಾರೋ ಟ್ರ್ಯಾಕ್ಟರ್ ಹೊಡೆಯುತ್ತಿದ್ದರು, ಅದರ ಹಿಂದೆ ಬಿಳಿ ಹಕ್ಕಿಗಳ ಸಾಲು. ಆಯಿ ಅದು ತಿರುಗಿ ಬರುವ ತನಕ ನೋಡುತ್ತಾ ಕೂತಳು.